ಎಚ್ಚರ ತಪ್ಪಿದ ದಿನಗಳು ಯಾರವು?

“ಸ್ವಾಮಿ, ಆ 11 ದಿನ ನಾನು ಎಲ್ಲಿದ್ದೆ?”

ಈ ಪ್ರಶ್ನೆಯನ್ನು ನನಗೆ ಕೇಳಿದವರು ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರ ಗಾರೆ ಮೇಸ್ತ್ರಿ. ಹೆಸರು ಇಲ್ಲಿ ಬೇಡ. ನಮ್ಮ ದೇವಾಲಯದ ಗಂಟೆಗೋಪುರದ ಮೇಲಿನ ಅಂತಸ್ತು ಅವರ ಕೈಯಿಂದಲೇ ಎದ್ದದ್ದು. ಅಂದು ಅವರು ತಮ್ಮ ಮನೆಯ ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ತಲೆಯ ಹಿಂಬದಿಯಲ್ಲಿ ಕೂದಲು ಇನ್ನೂ ಸರಿಯಾಗಿ ಬೆಳೆದಿರಲಿಲ್ಲ. ಹೊಲಿಗೆಯ ಗುರುತು ಕತ್ತಿನವರೆಗೆ ಇಳಿದಿತ್ತು. ಕಾಫಿಯ ಲೋಟ ತುಟಿಯ ಸಮೀಪಕ್ಕೆ ಬರುವಷ್ಟರಲ್ಲಿ ಕೈ ನಡುಗಿ ಅರ್ಧ ಚೆಲ್ಲುತ್ತಿತ್ತು.

ಗುರುಮಠದಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಓದಿದವನು ನಾನು. ಆದರೂ ಆ ಕ್ಷಣಕ್ಕೆ ಹೊಳೆದದ್ದು ಒಂದೇ ಮಾತು. “ದೇವರ ಕೈಯಲ್ಲಿ ಇದ್ದಿರಿ” ಎಂದೆ. ಅವರು ನಕ್ಕರು. “ಅದು ಸರಿ ಸ್ವಾಮಿ. ದೇವರ ಕೈಯಲ್ಲಿ ಈಗಲೂ ಇದ್ದೀನಲ್ಲ. ನಾನು ಕೇಳಿದ್ದು ಅದಲ್ಲ.”

ಅವರಿಗೆ ಆದದ್ದನ್ನು ಮೊದಲು ಹೇಳುತ್ತೇನೆ. ಒಂದು ಭಾನುವಾರ ಮುಂಜಾನೆ ಬಲಿಪೂಜೆಗೆಂದು ಎದ್ದವರಿಗೆ ಮನೆಯೇ ಸುತ್ತಿದಂತಾಯಿತು. ವಾಂತಿಯಾಯಿತು. ಬಚ್ಚಲಿಗೆ ಹೋಗಲು ಎದ್ದರೆ ಮೈ ಎಡಕ್ಕೇ ವಾಲುತ್ತಿತ್ತು. “ಪಿತ್ತ ನೆತ್ತಿಗೇರಿದೆ” ಎಂದು ಮನೆಯವರು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿದರು. ಮಧ್ಯಾಹ್ನ ವೈದ್ಯರೊಬ್ಬರು ತಲೆಸುತ್ತಿನ ಮಾತ್ರೆ ಕೊಟ್ಟರು. ಯಾರನ್ನೂ ದೂರಿ ಫಲವಿಲ್ಲ. ಲಕ್ವ ಹೊಡೆಯುವುದೆಂದರೆ ಒಂದು ಕೈ, ಒಂದು ಕಾಲು ಬಿದ್ದುಹೋಗಿ ಬಾಯಿ ಸೊಟ್ಟಗಾಗುವುದು ಎಂದೇ ನಾವೆಲ್ಲರೂ ತಿಳಿದಿದ್ದೇವೆ. ಪಾರ್ಶ್ವವಾಯು ಎಂಬ ಹೆಸರೇ ಹಾಗೆ ಹೇಳುತ್ತದೆ. ಇವರಿಗೆ ರಕ್ತ ಹರಿಯುವುದು ನಿಂತಿದ್ದು ತಲೆಯ ಹಿಂಬದಿಯಲ್ಲಿ, ದೊಡ್ಡ ಮೆದುಳಿನ ಕೆಳಗೆ ಅಡಗಿರುವ ಅನುಮಸ್ತಿಷ್ಕದಲ್ಲಿ. ಅಲ್ಲಿ ಪೆಟ್ಟು ಬಿದ್ದರೆ ಕೈಕಾಲಿನ ಬಲ ಹೋಗಬೇಕೆಂದಿಲ್ಲ; ತೂಕ ತಪ್ಪುತ್ತದೆ, ಅಳತೆ ತಪ್ಪುತ್ತದೆ. (ಈ ಲೇಖನದ ವಿಷಯ ಅದಲ್ಲವಾದರೂ ಹೇಳಿಬಿಡುತ್ತೇನೆ: ತಲೆಸುತ್ತು, ವಾಂತಿ, ನೆಟ್ಟಗೆ ನಿಲ್ಲಲಾಗದಿರುವುದು, ಮಾತಿನ ತೊದಲು ಇವು ಹಠಾತ್ತನೆ ಒಟ್ಟಿಗೆ ಬಂದರೆ ಪಿತ್ತವೆಂದು ಮನೆಯಲ್ಲಿ ಕಾಯಬೇಡಿ.)

ಮಂಗಳವಾರ ರಾತ್ರಿ ಎಚ್ಚರ ತಪ್ಪಿತು. ಅಷ್ಟು ಹೊತ್ತಿಗೆ ಅವರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ನಾನು ತಲುಪಿದಾಗ ನಡುರಾತ್ರಿ. ಶಸ್ತ್ರವೈದ್ಯರು ಮಗನಿಗೆ ಬಿಡಿಸಿ ಹೇಳುತ್ತಿದ್ದರು. ರಕ್ತವಿಲ್ಲದೆ ಸತ್ತ ಭಾಗ ನೀರು ಹಿಡಿದು ಊದಿಕೊಳ್ಳುತ್ತದೆ. ಊತ ಸಾಮಾನ್ಯವಾಗಿ ಮೂರನೆಯ ದಿನದ ಸುಮಾರಿಗೆ ಹೆಚ್ಚುತ್ತದೆ. ತಲೆಬುರುಡೆಯ ಆ ಹಿಂಭಾಗ ಬಹಳ ಇಕ್ಕಟ್ಟು. ಅನುಮಸ್ತಿಷ್ಕದ ಎದುರಿಗೇ ಮೆದುಳಿನ ಕಾಂಡವಿದೆ. ಅವೆರಡರ ನಡುವೆ ಮೆದುಳಿನ ನೀರು ಹರಿದುಹೋಗುವ ಕಿರಿದಾದ ಕುಹರ. ಊತ ಆ ನೀರಿನ ದಾರಿಯನ್ನು ಮುಚ್ಚುತ್ತದೆ, ಕಾಂಡವನ್ನು ಅದುಮುತ್ತದೆ. ಮನುಷ್ಯನನ್ನು ಎಚ್ಚರವಾಗಿಡುವ ವ್ಯವಸ್ಥೆ ಇರುವುದು ಆ ಕಾಂಡದಲ್ಲಿ. ರೋಗಿಯ ಕಸುಬನ್ನು ಕೇಳಿ ತಿಳಿದಿದ್ದ ಆ ವೈದ್ಯರು ಕೊನೆಗೆ ಹೀಗೆಂದರು: “ಪಕ್ಕದ ಮನೆ ಗೋಡೆ ಕುಸಿದು ಇವರ ಮನೆ ಬಾಗಿಲಿಗೆ ಅಡ್ಡ ಬಿದ್ದಿದೆ. ಒಳಗಿನ ಮನುಷ್ಯ ಹೇಗಿದ್ದಾರೆ ಅನ್ನೋದು ಅದನ್ನು ಸರಿಸಿದ ಮೇಲೇ ಗೊತ್ತಾಗೋದು.” ತಲೆಯ ಹಿಂಬದಿಯ ಮೂಳೆಯನ್ನು ತೆಗೆದು ಊತಕ್ಕೆ ಜಾಗ ಮಾಡಿಕೊಡಬೇಕು, ಕಟ್ಟಿಕೊಂಡ ನೀರನ್ನು ನಳಿಕೆಯಿಂದ ಹೊರಗೆ ಬಿಡಬೇಕು.

ಮಗ ನನ್ನನ್ನು ಬದಿಗೆ ಕರೆದ. “ಇಷ್ಟೆಲ್ಲ ಮಾಡಿಸಬೇಕಾ ಫಾದರ್? ಸುಮ್ಮನೆ ನರಳಿಸಿದ ಹಾಗಾಗಲ್ವಾ?” ನಾನು ಗುರುಮಠದಲ್ಲಿ ಕಲಿತದ್ದನ್ನು ನೆನೆದೆ. ಜಗದ್ಗುರು 12ನೇ ಪಿಯೂಸ್ ಅವರು 1957ರ ನವೆಂಬರ್ 24ರಂದು ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ, ಸಾಧಾರಣ ಉಪಾಯಗಳಿಂದ ಜೀವವನ್ನು ಕಾಪಾಡಿಕೊಳ್ಳಲು ಮನುಷ್ಯ ಬದ್ಧ, ಅಸಾಧಾರಣವಾದವುಗಳಿಗೆ ಬದ್ಧನಲ್ಲ ಎಂದು ವಿವರಿಸಿದ್ದರು. ನನಗೆ ನಿಯಮ ಗೊತ್ತಿತ್ತು, ರೋಗ ಗೊತ್ತಿರಲಿಲ್ಲ. ಮೆದುಳು ಎಂದಾಕ್ಷಣ ಎಲ್ಲ ಮುಗಿಯಿತೆಂದೇ ಭಾವಿಸಿದ್ದೆ. “ದೇವರ ಚಿತ್ತ” ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಆಡುವ ಮುನ್ನ ವೈದ್ಯರನ್ನೇ ಇನ್ನೊಮ್ಮೆ ಕೇಳಿದ್ದು ನನ್ನ ಪುಣ್ಯ. ಇಂಥ ರೋಗಿಗಳ ಬಗ್ಗೆ ಜರ್ಮನಿ ಮತ್ತು ಆಸ್ಟ್ರಿಯಾದ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಮಾಕ್ಕೆ ಜಾರಿ ಹೀಗೆ ಚಿಕಿತ್ಸೆ ಪಡೆದವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿ ಅರ್ಥಪೂರ್ಣವಾಗಿ ಚೇತರಿಸಿಕೊಂಡಿದ್ದರೆಂದು ಆಮೇಲೆ ಓದಿದೆ. ಮಗ ಸಹಿ ಹಾಕಿದ. ಶಸ್ತ್ರಚಿಕಿತ್ಸೆಗೆ ಒಯ್ಯುವ ಮುನ್ನ ನಾನು ಅವರ ಹಣೆಗೂ ಅಂಗೈಗಳಿಗೂ ತೈಲ ಹಚ್ಚಿ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ನೀಡಿದೆ. ಅಂಗೈಯ ಗೀರುಗಳಲ್ಲಿ ಸಿಮೆಂಟಿನ ಬೂದು ಬಣ್ಣ ಇನ್ನೂ ಉಳಿದಿತ್ತು.

ಇನ್ನು ನನ್ನ ತಪ್ಪು.

ಶಸ್ತ್ರಚಿಕಿತ್ಸೆಯಾದ ಮೇಲೆ ಎಚ್ಚರ ಬರುವುದೆಂದು ಎಲ್ಲರೂ ಕಾದರು. ಬರಲಿಲ್ಲ. ಆರನೆಯ ದಿನ ಕಣ್ಣು ತೆರೆದರು. ಆದರೆ ನೋಟ ಯಾರ ಮೇಲೂ ನಿಲ್ಲಲಿಲ್ಲ. ಎಂಟನೆಯ ದಿನ ಭೇಟಿಯ ಸಮಯದಲ್ಲಿ ಮಗ, ಅವನ ಸೋದರಮಾವ ಮತ್ತು ನಾನು ಮಂಚದ ಪಕ್ಕದಲ್ಲಿ ನಿಂತಿದ್ದೆವು. ಸೋದರಮಾವ, “ಬಾಡಿ ಊರಿಗೆ ತಗೊಂಡು ಹೋಗೋಕೆ ಗಾಡಿಗೆ ಈಗಲೇ ಹೇಳಿಡಬೇಕಾ?” ಎಂದು ಕೇಳಿದರು. ಬಾಡಿ! ಎದೆ ಏರಿ ಇಳಿಯುತ್ತಿತ್ತು, ಕಣ್ಣು ತೆರೆದಿತ್ತು. ನಾನು ಅವರನ್ನು ತಡೆಯಬೇಕಿತ್ತು. ತಡೆಯುವ ಬದಲು, ಸಮಾಧಾನದ ದನಿಯಲ್ಲಿ, ನಮ್ಮ ಸಮಾಧಿಭೂಮಿಯ ಪೂರ್ವದ ಗೋಡೆಯ ಮೂಲೆಯಲ್ಲಿ ಜಾಗವಿದೆಯೆಂದೂ ಅದನ್ನು ಇವರಿಗಾಗಿ ಬಿಡಿಸಿಕೊಡುತ್ತೇನೆಂದೂ ಹೇಳಿದೆ. ಐದು ನಿಮಿಷ ಹಾಗೆಯೇ ಮಾತು ನಡೆಯಿತು: ಎಷ್ಟು ಹೊತ್ತಿಗೆ, ಯಾವ ಗುರುಗಳು, ಮಳೆ ಬಂದರೆ ಹೇಗೆ. ಕನ್ನಡದಲ್ಲಿ ‘ಎಚ್ಚರ’ ಎನ್ನುವುದಕ್ಕೆ ಜಾಗರ ಎಂಬ ಅರ್ಥವೂ ಇದೆ, ಜಾಗರೂಕತೆ ಎಂಬ ಅರ್ಥವೂ ಇದೆ. ಆ ಹೊತ್ತು ಎಚ್ಚರ ತಪ್ಪಿದ್ದವರು ಮಂಚದ ಮೇಲಿದ್ದವರೊಬ್ಬರೇ ಅಲ್ಲ.

ಮೂರು ದಿನಗಳ ತರುವಾಯ ದಾದಿಯೊಬ್ಬರು “ಎರಡು ಬೆರಳು ಎತ್ತಿ” ಎಂದಾಗ ಅವರು ಎರಡು ಬೆರಳು ಎತ್ತಿದರು.

ಅರಿವು ಮರಳುವುದು ಸಿನಿಮಾದಲ್ಲಿ ಕಾಣುವಂತೆ ಒಮ್ಮೆಲೇ ಎದ್ದು ಕುಳಿತು “ನಾನೆಲ್ಲಿದ್ದೇನೆ?” ಎನ್ನುವುದಲ್ಲ. ಎಚ್ಚರ ಬೇರೆ, ಅರಿವು ಬೇರೆ ಎನ್ನುತ್ತಾರೆ ವೈದ್ಯರು. ಕಣ್ಣು ಮೊದಲು ತೆರೆಯುತ್ತದೆ, ನೋಟ ಆಮೇಲೆ ಬರುತ್ತದೆ. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ರೂಪಿಸಿದ ಅಳತೆಗೋಲು ಇಂದಿಗೂ ಎಲ್ಲ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6 ಅಂಕ, ಒಟ್ಟು 15. ಏನೇನೂ ಸ್ಪಂದಿಸದವರಿಗೂ ಮೂರು ಅಂಕವಿದೆ. ಸೊನ್ನೆ ಎಂಬುದು ಆ ಅಳತೆಯಲ್ಲಿಯೇ ಇಲ್ಲ. ಇದು ಕೇವಲ ಲೆಕ್ಕದ ರೂಢಿ ಎಂದು ನನಗೆ ಗೊತ್ತು. ಆದರೂ ಅದನ್ನು ಕೇಳಿದಾಗ ನನಗೆ ನಾಚಿಕೆಯಾಯಿತು.

“ಎಲ್ಲಿದ್ದೆ?” ಎಂಬ ಪ್ರಶ್ನೆಗೆ ಮೆದುಳಿನ ನಕ್ಷೆಯಲ್ಲಿ ಉತ್ತರ ಸಿಗಬಹುದೆಂದು ಕೆಲವು ಕಾಲ ಓದಿದೆ. ಸಿಕ್ಕಿದ್ದು ವಿಚಿತ್ರವಾದ ಸಂಗತಿ. ಬ್ರೆಜಿಲ್ ದೇಶದ ವಿಜ್ಞಾನಿಗಳು 2009ರಲ್ಲಿ ಎಣಿಸಿ ಹೇಳಿದಂತೆ ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ; ಅವುಗಳಲ್ಲಿ ಸುಮಾರು 6,900 ಕೋಟಿ ಇರುವುದು ತೂಕದಲ್ಲಿ ಮೆದುಳಿನ ಹತ್ತರಲ್ಲೊಂದು ಪಾಲಿರುವ ಅನುಮಸ್ತಿಷ್ಕದಲ್ಲಿ. ಇಷ್ಟೊಂದು ನರಕೋಶಗಳ ಆಗರವನ್ನು ಕಳೆದುಕೊಂಡರೂ ಅರಿವು ಉಳಿಯುತ್ತದೆ. ಚೀನಾದಲ್ಲಿ 24 ವಯಸ್ಸಿನ ಮಹಿಳೆಯೊಬ್ಬರು ತಲೆಸುತ್ತೆಂದು ಆಸ್ಪತ್ರೆಗೆ ಬಂದಾಗ ಅವರಿಗೆ ಹುಟ್ಟಿನಿಂದಲೇ ಅನುಮಸ್ತಿಷ್ಕ ಇಲ್ಲವೆಂಬುದು ಕಂಡುಬಂತೆಂದು 2014ರಲ್ಲಿ ವರದಿಯಾಯಿತು. ಮಾತೂ ನಡಿಗೆಯೂ ತಡವಾಗಿ ಬಂದಿದ್ದವು. ಆದರೆ ಆಕೆ ಮದುವೆಯಾಗಿ ಮಗುವಿನ ತಾಯಿಯಾಗಿದ್ದರು. ಅತ್ತ ಮೆದುಳಿನ ಕಾಂಡದಲ್ಲಿ ಒಂದು ಸಣ್ಣ ಜಾಲ. ಅದನ್ನು ಪ್ರಚೋದಿಸಿದರೆ ಪ್ರಾಣಿಗಳ ಮೆದುಳು ಎಚ್ಚರದ ಸ್ಥಿತಿಗೆ ಬರುತ್ತದೆಂದು ಮೊರುಜ್ಜಿ ಮತ್ತು ಮಗೂನ್ 1949ರಲ್ಲಿ ತೋರಿಸಿದರು. ಅದನ್ನು ತುಸು ಅದುಮಿದರೆ ಸಾಕು, ದೀಪ ಆರಿದಂತೆ. ಆದರೆ ದೀಪದ ಗುಂಡಿ ಇರುವ ಗೋಡೆಯೇ ಬೆಳಕಲ್ಲವಷ್ಟೆ. ಮೇಸ್ತ್ರಿಯವರ ಎಚ್ಚರ ಏಕೆ ಹೋಯಿತು ಎಂಬುದಕ್ಕೆ ವೈದ್ಯಶಾಸ್ತ್ರ ಸ್ಪಷ್ಟ ಉತ್ತರ ಕೊಡುತ್ತದೆ. ಅವರು ಎಲ್ಲಿದ್ದರು ಎಂಬುದನ್ನು ಅದು ಕೇಳುವುದೇ ಇಲ್ಲ.

ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ತಮ್ಮ ಪ್ರಸಿದ್ಧ ಗ್ರಂಥದ ಎರಡನೆಯ ಮುದ್ರಣಕ್ಕೆ ಒಂದು ಅಧ್ಯಾಯವನ್ನು ಸೇರಿಸಿದರು. ಮನುಷ್ಯ ಬೇರೆ, ವ್ಯಕ್ತಿ ಬೇರೆ. ಅರಿವು ಹಿಂದಕ್ಕೆ ಎಷ್ಟು ದೂರ ಚಾಚುತ್ತದೆಯೋ ವ್ಯಕ್ತಿಯೂ ಅಷ್ಟೇ ದೂರ ಚಾಚಿರುತ್ತಾನೆ ಎಂಬುದು ಅವರ ವಾದ. ಈ ಲೆಕ್ಕದಲ್ಲಿ ಆ 11 ದಿನ ಮಂಚದ ಮೇಲೆ ಒಬ್ಬ ಮನುಷ್ಯನಿದ್ದ, ನಮ್ಮ ಮೇಸ್ತ್ರಿ ಇರಲಿಲ್ಲ. ಗುರುಮಠದ ಪರೀಕ್ಷೆಯಲ್ಲಿ ಈ ವಾದವನ್ನು ಖಂಡಿಸಿ ಒಳ್ಳೆಯ ಅಂಕ ಗಳಿಸಿದವನು ನಾನು. ಆತ್ಮವು ದೇಹದ ಯಾವುದೋ ಒಂದು ಕೋಣೆಯಲ್ಲಿ ಕುಳಿತಿಲ್ಲ, ಅದು ದೇಹದ ಜೀವಂತ ರೂಪ, ಪ್ರತಿಯೊಂದು ಅಂಗದಲ್ಲಿಯೂ ಪೂರ್ಣವಾಗಿದೆ ಎಂಬ ಸಂತ ತೋಮಸ್ ಅಕ್ವಿನಾಸರ ವಿಚಾರವನ್ನು ಪುಟಗಟ್ಟಲೆ ಬರೆದಿದ್ದೆ. ಕಾಗದದ ಮೇಲೆ ಅಕ್ವಿನಾಸರ ಶಿಷ್ಯ. ಮಂಚದ ಪಕ್ಕದಲ್ಲಿ ಲಾಕ್‌ನ ಶಿಷ್ಯ.

ಮೇಸ್ತ್ರಿಯವರು ಮಾತನಾಡುವಂತಾದ ಮೇಲೆ ನಾನು ಅಂಜುತ್ತಲೇ ಕೇಳಿದೆ: ಆ ದಿನಗಳಲ್ಲಿ ಏನಾದರೂ ಕೇಳಿಸುತ್ತಿತ್ತೇ? “ಏನೂ ಇಲ್ಲ ಸ್ವಾಮಿ. ಕನಸೂ ಇಲ್ಲ.” ನನ್ನ ಎದೆ ಹಗುರವಾಯಿತು. ಆಮೇಲೆ ಆ ಹಗುರವೇ ನನ್ನನ್ನು ಕಾಡತೊಡಗಿತು.

ಕೇಳಿಸಿರಬಹುದಿತ್ತು ಎಂಬುದು ಒಂದು ಮಾತು. 2006ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್ ಓವೆನ್ ಮತ್ತವರ ಸಂಗಡಿಗರು, ಯಾವ ಸ್ಪಂದನೆಯೂ ಇಲ್ಲದೆ ಮಲಗಿದ್ದ ತರುಣಿಯೊಬ್ಬಳಿಗೆ ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ ಆಕೆಯ ಮೆದುಳು ಆರೋಗ್ಯವಂತರ ಮೆದುಳಿನಂತೆಯೇ ಉತ್ತರಿಸಿತೆಂದು ತೋರಿಸಿದರು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೇಳಿದ್ದಕ್ಕೆ ಹೊರನೋಟಕ್ಕೆ ಸ್ಪಂದಿಸದ 241 ರೋಗಿಗಳ ಪೈಕಿ 60 ಮಂದಿಯ ಮೆದುಳಿನಲ್ಲಿ ಅಂಥ ಗುಪ್ತ ಉತ್ತರ ಕಂಡುಬಂತು. ನಾಲ್ವರಲ್ಲಿ ಒಬ್ಬರು! ಆದುದರಿಂದ ಮಂಚದ ಪಕ್ಕದಲ್ಲಿ ನಾಲಗೆಯನ್ನು ಬಿಗಿಹಿಡಿಯಬೇಕು ಎನ್ನುವುದು ವಿವೇಕ. ಅದನ್ನು ಎಲ್ಲರೂ ಒಪ್ಪುತ್ತಾರೆ.

ನನ್ನನ್ನು ಕಾಡಿದ್ದು ಅದಲ್ಲ. ಅವರಿಗೆ ನಿಜವಾಗಿಯೂ ಕೇಳಿಸಲಿಲ್ಲ. ಹಾಗಾದರೆ ನಾನು ಅವರಿಗೆ ಏನೂ ಅನ್ಯಾಯ ಮಾಡಲಿಲ್ಲವೇ? ನಿದ್ರೆಯಲ್ಲಿದ್ದವನ ಮನೆಯಿಂದ ಕದ್ದರೆ, ಅವನಿಗೆ ಎಂದೆಂದಿಗೂ ತಿಳಿಯದಿದ್ದರೂ, ಅದು ಕಳವೇ. ಬೆನ್ನ ಹಿಂದೆ ಆಡಿದ ಚಾಡಿ ಅವನ ಕಿವಿಗೆ ಬೀಳದೆ ಹೋದರೂ ಅವನ ಮಾನಕ್ಕೆ ತಗುಲಿದ್ದೇ. ಅನ್ಯಾಯಕ್ಕೆ ನೋವೇ ಸಾಕ್ಷಿಯಾಗಬೇಕೆಂದಿಲ್ಲ. ಇದನ್ನು ಒಪ್ಪಲು ಹಿಂಜರಿಯುವವರಿರಬಹುದು. ತಿಳಿಯದ್ದು ತಟ್ಟುವುದಿಲ್ಲ ಎನ್ನಬಹುದು. ಆದರೆ ಗುರುವಾದ ನನಗೆ ಹಾಗೆ ನುಣುಚಿಕೊಳ್ಳುವ ದಾರಿಯಿಲ್ಲ. ಅದೇ ವ್ಯಕ್ತಿಯ ಹಣೆಗೆ, ಅದೇ ಅಪ್ರಜ್ಞೆಯಲ್ಲಿ, ನಾನು ಅಭ್ಯಂಗ ಮಾಡಿದ್ದೆ. ಪ್ರಜ್ಞೆ ಇದ್ದಾಗ ಕೇಳಿಕೊಳ್ಳುತ್ತಿದ್ದರು ಎಂಬಂಥ ರೋಗಿಗೆ, ಈಗ ಕೇಳಲಾರದಿದ್ದರೂ, ಆ ಸಂಸ್ಕಾರವನ್ನು ನೀಡಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ತೈಲ ಅವರಿಗೆ ತಲುಪಿತೆಂದು ನಾನು ನಂಬಿದ್ದೇನೆ. ತೈಲ ತಲುಪಿದ್ದರೆ ನನ್ನ ಮಾತೂ ತಲುಪಿದೆ. ಮಾತು ತಲುಪಿಲ್ಲವಾದರೆ ತೈಲವೂ ತಲುಪಿಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಸಂತ ಅಗಸ್ಟೀನರು ‘ಕನ್ಫೆಷನ್ಸ್’ ಗ್ರಂಥದ 4ನೆಯ ಭಾಗದಲ್ಲಿ ತಮ್ಮ ಯೌವನದ ಗೆಳೆಯನೊಬ್ಬನ ವಿಷಯವನ್ನು ಬರೆಯುತ್ತಾರೆ. ತಗಾಸ್ತೆ ಎಂಬ ಅವರ ಹುಟ್ಟೂರಿನಲ್ಲಿ ನಡೆದದ್ದು. ಆ ಗೆಳೆಯನನ್ನು ವಿಶ್ವಾಸದಿಂದ ದೂರ ಎಳೆದವರು ಸ್ವತಃ ಅಗಸ್ಟೀನರೇ. ಆತ ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಾಗ ಮನೆಯವರು ಅವನಿಗೆ ದೀಕ್ಷಾಸ್ನಾನ ಕೊಡಿಸಿದರು. ಅಗಸ್ಟೀನರು ಲಕ್ಷಿಸಲಿಲ್ಲ, ಅರಿವಿಲ್ಲದ ಮೈಗೆ ಮಾಡಿದ್ದು ಮನಸ್ಸಿಗೆ ಹೇಗೆ ತಟ್ಟೀತು ಎಂಬ ಧೈರ್ಯ. ಗೆಳೆಯ ಚೇತರಿಸಿಕೊಂಡ ಕೂಡಲೇ, ಅವನೂ ನಗುವನೆಂದು ಅದರ ಬಗ್ಗೆ ಹಾಸ್ಯ ಮಾಡಿದರು. ಆ ವೇಳೆಗೆ ಅವನಿಗೆ ವಿಷಯ ತಿಳಿದಿತ್ತು. ಅವನು ಶತ್ರುವನ್ನು ಕಂಡವನಂತೆ ಬೆಚ್ಚಿ, ತನ್ನ ಗೆಳೆತನ ಬೇಕಾಗಿದ್ದರೆ ಅಂಥ ಮಾತನ್ನು ನಿಲ್ಲಿಸಬೇಕೆಂದು ಖಂಡಿತವಾಗಿ ಹೇಳಿಬಿಟ್ಟ. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ, ಅಗಸ್ಟೀನರು ಬಳಿಯಲ್ಲಿಲ್ಲದಾಗ ತೀರಿಕೊಂಡ. ಈ ಪುಟಗಳನ್ನು ಎಷ್ಟೋ ಸಲ ಓದಿದ್ದೆ. ಗೆಳೆಯನ ಸಾವಿನ ದುಃಖವೇ ಅಲ್ಲಿನ ಮುಖ್ಯ ವಿಷಯವೆಂದು ದಾಟಿಹೋಗಿದ್ದೆ. ಈಗ ನೋಡಿದರೆ ಬೇರೆಯದೇ ಕಾಣುತ್ತದೆ. ತಾನಿಲ್ಲದಾಗ ತನಗೆ ನಡೆದದ್ದನ್ನು ಆ ತರುಣ ತನ್ನದೆಂದು ಎತ್ತಿಕೊಂಡ. ಎಚ್ಚರ ತಪ್ಪಿದ ದಿನಗಳಿಗೂ ಅವನೇ ಯಜಮಾನನಾಗಿದ್ದ.

ಯಾಯೀರನ ಮಗಳ ಪ್ರಸಂಗದಲ್ಲಿಯೂ ಯೇಸುಸ್ವಾಮಿ ಆ ಹುಡುಗಿಯ ಕೈ ಹಿಡಿಯುವ ಮುನ್ನ, ನಗುತ್ತಾ ಗದ್ದಲವೆಬ್ಬಿಸುತ್ತಿದ್ದವರನ್ನು ಕೋಣೆಯಿಂದ ಹೊರಗೆ ಕಳುಹಿಸಿದರು.

ಮೇಸ್ತ್ರಿಯವರ ಮನೆಯಾಕೆಗೆ ಇದಾವುದನ್ನೂ ಓದಬೇಕಾಗಿರಲಿಲ್ಲ. ಭೇಟಿಗೆ ಬಿಟ್ಟ ಪ್ರತಿದಿನವೂ ಅವರು ಗಂಡನ ಕಿವಿಯ ಬಳಿ ಬಾಗಿ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು: ಕರು ಹಾಕಿದ ಹಸು, ಬಾಕಿ ಹಣ ತಂದುಕೊಟ್ಟ ಗುತ್ತಿಗೆದಾರ, ಸೋರಿದ ಹಟ್ಟಿಯ ಮಾಡು. ಅವರಿಗೆ ಕೇಳಿಸುತ್ತದೆಂಬ ನಂಬಿಕೆಯಿತ್ತೇ ಎಂದು ಒಮ್ಮೆ ಕೇಳಿದೆ. “ಕೇಳಿಸ್ತಿತ್ತೋ ಇಲ್ಲವೋ ನನಗೇನು ಗೊತ್ತು ಸ್ವಾಮಿ? ಅವರ ಮನೆ ವಿಷಯ ಅವರಿಗೆ ಹೇಳದೆ ಇನ್ಯಾರಿಗೆ ಹೇಳಲಿ?”

ಇನ್ನೊಂದು ವಿಷಯವನ್ನು ಮೇಸ್ತ್ರಿಯವರೇ ನನಗೆ ಕಲಿಸಿದರು. ಅರಿವು ಪೂರ್ತಿ ಮರಳಿದ ಮೇಲೂ ಅವರ ನಡಿಗೆ ಮರಳಲಿಲ್ಲ. “ಮೊದಲು ಕಾಲು ತನ್ನ ಪಾಡಿಗೆ ಹೋಗ್ತಿತ್ತು. ಈಗ ಒಂದೊಂದು ಹೆಜ್ಜೆಗೂ ನಾನೇ ಹೇಳಬೇಕು, ಇಲ್ಲಿಡು, ಇಷ್ಟಿಡು ಅಂತ.” ಮೊದಲ ಮಹಾಯುದ್ಧದಲ್ಲಿ ಅನುಮಸ್ತಿಷ್ಕಕ್ಕೆ ಗುಂಡೇಟು ಬಿದ್ದ ಸೈನಿಕರನ್ನು ಪರೀಕ್ಷಿಸಿದ ವೈದ್ಯ ಗಾರ್ಡನ್ ಹೋಮ್ಸ್ ಅವರಿಗೂ ರೋಗಿಯೊಬ್ಬ ಇಂಥದೇ ಮಾತನ್ನು ಹೇಳಿದ್ದ: ಒಂದು ಕೈ ತಾನಾಗಿ ಆಡುತ್ತದೆ, ಇನ್ನೊಂದರ ಪ್ರತಿಯೊಂದು ಚಲನೆಯನ್ನೂ ಯೋಚಿಸಿ ಮಾಡಬೇಕು ಎಂದು. ಅನುಮಸ್ತಿಷ್ಕದ ಉಪಕಾರವೇ ಅದು. ನಮ್ಮ ಅರಿವಿಗೆ ತೊಂದರೆ ಕೊಡದೆ ಕೆಲಸವನ್ನು ಸಲೀಸಾಗಿ ಮಾಡಿಬಿಡುತ್ತದೆ. 40 ವರ್ಷ ಕರಣೆ ಹಿಡಿದ ಆ ಕೈ ಎಷ್ಟು ಗಾರೆ, ಎಷ್ಟು ಒತ್ತು ಎಂಬುದನ್ನು ಯೋಚಿಸಿಯೇ ಇರಲಿಲ್ಲ. ರಸಮಟ್ಟ ಇಡುವ ಮುನ್ನವೇ ಅವರ ಕೈಗೆ ಮಟ್ಟ ಗೊತ್ತಿತ್ತು. ಊರವರು ಅವರನ್ನು ಮೇಸ್ತ್ರಿ ಎಂದು ಗುರುತಿಸಿದ್ದು ಅರಿವಿಗೆ ಬಾರದ ಆ ಜಾಣ್ಮೆಯಿಂದಲೇ. ಹಾಗಿರುವಾಗ, ಅರಿವಿದ್ದಷ್ಟು ಮಾತ್ರ ಅವರು ಎಂದು ಲಾಕ್ ಹೇಳಿದರೆ, ಗಂಟೆಗೋಪುರವನ್ನು ಕಟ್ಟಿದವರು ಯಾರು?

ಆ ಜಗಲಿಯ ಮೇಲೆ ಅವರು “ಎಲ್ಲಿದ್ದೆ?” ಎಂದು ಕೇಳಿದ ದಿನ, ನಾನು ಉತ್ತರಿಸಲಾರದೆ ಸುಮ್ಮನಾದ ಮೇಲೆ ಅವರು ಪ್ರಶ್ನೆಯನ್ನು ಬದಲಿಸಿದರು. “ಸರಿ, ನಾನು ಇಲ್ಲದಾಗ ಏನೇನು ನಡೀತು? ಅದನ್ನಾದರೂ ಹೇಳಿ. ಮನೆಯವಳು ಅವಳ ಲೆಕ್ಕ ಒಪ್ಪಿಸಿದ್ದಾಳೆ. ಮಗ ಖರ್ಚು ಹೇಳಿದ್ದಾನೆ. ನಿಮ್ಮದು ಬಾಕಿ.”

ಅಭ್ಯಂಗದ ವಿಷಯ ಹೇಳಿದೆ. ಅವರು ಹಣೆ ಮುಟ್ಟಿಕೊಂಡರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಕಾಯಿಲೆಯವರ ಮನಸ್ಸನ್ನು ಏಕೆ ನೋಯಿಸಬೇಕು ಎಂಬ ನೆಪ ಸಿದ್ಧವಾಗಿಯೇ ಇತ್ತು; ಇಂಥ ಕರುಣೆ ಬಹುಪಾಲು ನಮ್ಮ ಮೇಲಿನ ಕರುಣೆಯೇ ಆಗಿರುತ್ತದೆ. ಎಂಟನೆಯ ದಿನದ ಮಾತುಗಳನ್ನೂ ಹೇಳಿದೆ. ಅವರ ಕಣ್ಣು ತೆರೆದಿತ್ತೆಂಬುದನ್ನು ಸೇರಿಸಿ. ಮಿಕ್ಕವರ ಮಾತನ್ನು ಹೇಳಲಿಲ್ಲ, ಅದು ನನ್ನ ಲೆಕ್ಕವಲ್ಲ. ತಪ್ಪಾಯಿತು ಎಂದೆ.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ಅದು ನೆಲ ಮುಟ್ಟುವಾಗ ಎರಡು ಸಲ ಸದ್ದಾಯಿತು.

“ಯಾವ ಮೂಲೆ ಅಂದ್ರಿ?”

“ಪೂರ್ವದ ಗೋಡೆಯ ಮೂಲೆ.”

“ಅಲ್ಲಿ ಬೇಡ ಸ್ವಾಮಿ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತೆ. ಆ ಗೋಡೆಗೆ ಪಾಯ ಎರಡಡಿಯೂ ಇಲ್ಲ, ಹಿಂದಿನ ಗುರುಗಳು ಖರ್ಚು ಜಾಸ್ತಿ ಆಯ್ತು ಅಂದಿದ್ದಕ್ಕೆ ನಾನೇ ಅಷ್ಟಕ್ಕೆ ನಿಲ್ಲಿಸಿದ್ದು. ಪಕ್ಕದಲ್ಲಿ ಗುಂಡಿ ತೋಡಿದರೆ ಗೋಡೆ ಬರುತ್ತೆ.” ಅವರು ಕೈ ಚಾಚಿದರು. “ಎಬ್ಬಿಸಿ, ತೋರಿಸ್ತೀನಿ.”

ನಾನು ಅವರ ಎಡತೋಳನ್ನು ಹಿಡಿದುಕೊಂಡೆ. ಸಮಾಧಿಭೂಮಿ ಅವರ ಮನೆಯಿಂದ ಎರಡು ನಿಮಿಷದ ದಾರಿ. ಅಂದು ನಮಗೆ ಅರ್ಧ ಗಂಟೆ ಹಿಡಿಯಿತು.